ನೆಲದ ಮೇಲೆ ಇಡತಕ್ಕದ್ದಲ್ಲ

ಬಸವಕಲ್ಯಾಣ
೩ ಸೆಪ್ಟೆಂಬರ್ ೧೯೭೯, ಸೋಮವಾರ

ಶಾಖಾ ಗ್ರಂಥಾಲಯದ ಗ್ರಂಥಪಾಲಕರಾದ ಶ್ರೀ ಮಾಣಿಕಪ್ಪನವರು ಬೆಳಿಗ್ಗೆ ಮನೆಗೆ ಬಂದಿದ್ದರು. ಚಹಾ ಮುಗಿಯುವವರೆಗೆ ವಿಷಯಕ್ಕೆ ಬರಲಿಲ್ಲ. ಈಗಿನ ಅಧಿಕಾರಿಗಳ ರೀತಿಯೇ ಹಾಗೆ. ಈ ತಿಂಗಳಿನಿಂದ ನಮ್ಮ ಗ್ರಂಥಾಲಯಕ್ಕೂ ಹುಮನಾಬಾದದ ಗ್ರಂಥಾಲಯಕ್ಕೂ ಪುಸ್ತಕಗಳ ವಿನಿಮಯ ಆರಂಭವಾಗುತ್ತದಂತೆ. ಇಲ್ಲಿಂದ ಕಟ್ಟುಗಳು ಬಸ್ಸಿನಲ್ಲಿ ಹುಮನಾಬಾದಕ್ಕೆ ಹೋಗಿ, ಅಲ್ಲಿಂದ ಚಿಟಗುಪ್ಪ ಮೊದಲಾದ ಊರುಗಳ ವಿತರಣಾ ಕೇಂದ್ರಗಳಿಗೆ ಮುಂದುವರಿಯಬೇಕು. ಓದಿ ಮುಗಿದ ಮೇಲೆ ಅದೇ ದಾರಿಯಲ್ಲಿ ಹಿಂದಿರುಗಬೇಕು. ಪ್ರತಿ ಕಟ್ಟಿಗೂ ಅದು ಎಲ್ಲಿಂದ ಎಲ್ಲಿಗೆ ಎಂಬುದನ್ನು ಬರೆದು ಕಟ್ಟುವವರು ಬೇಕು.

"ಅಕ್ಕೋರ, ನಾ ಬರದದ್ದು ನನಗ ತಿಳಿಯಂಗಿಲ್ಲ. ನೀವು ಲೇಬಲ್ ಬರದು ಕೊಡ್ರಿ. ನಿಮ್ಮ ಅಕ್ಷರ ನೋಡಿದ್ರ ಕಂಡಕ್ಟರ್ ಭೀ ಸೀದಾ ನಿಂತು ಓದ್ತಾನ."

ಅದಕ್ಕೆ 'ವಿಳಾಸಚೀಟಿ' ಎಂಬ ಒಳ್ಳೆಯ ಮಾತಿದೆ ಎಂದೆ.

"ಅದೇ ರೀ, ಆ ಲೇಬಲ್," ಎಂದರು.

ಕನ್ಯಾಶಾಲೆಯಿಂದ ನಿವೃತ್ತಳಾದ ಮೇಲೆ ಈ ಊರಿನಲ್ಲಿ ಯಾರೂ ನನ್ನ ಅಕ್ಷರವನ್ನು ಕೇಳಿಕೊಂಡು ಬಂದಿರಲಿಲ್ಲ. ಕಿಟಕಿಯ ಬಳಿ ಮೇಜು ಬೇಕು, ಶಾಯಿ ಒಳ್ಳೆಯದಿರಬೇಕು, ನಾನು ಬರೆದುದನ್ನು ಬೇರೆಯವರು ತಿದ್ದಬಾರದು ಎಂಬ ಷರತ್ತುಗಳನ್ನು ಹೇಳಿದೆ. ಒಪ್ಪಿಗೆ ಕೊಡುವ ಮೊದಲು ಒಂದು ದಿನವಾದರೂ ಕಾಯಿಸಬೇಕಾಗಿತ್ತು. ಕಾಯಿಸಲಿಲ್ಲ.

೧೨ ಸೆಪ್ಟೆಂಬರ್, ಬುಧವಾರ

ಇಂದು ಗ್ರಂಥಾಲಯದ ಬೆಂಚಿನ ಮೇಲೆ ತರುಣಿಯೊಬ್ಬಳು ಕಾದಂಬರಿಯೊಂದನ್ನು ಓದುತ್ತ ಕುಳಿತಿದ್ದಳು. ತುಟಿ ಅಲುಗಿಸದೆ ಓದುತ್ತಿದ್ದುದರಿಂದ ಗಮನಿಸಿದೆ. ಹೆಸರು ಬಾಳಮ್ಮ, ಊರು ಹುಡಗಿ, ಕುರಿ ಸಾಕುವ ಮನೆತನದ ಸೊಸೆ. ಹುಮನಾಬಾದದಲ್ಲಿ ಏಳನೆಯ ತರಗತಿಯವರೆಗೆ ಓದಿದ್ದಾಳೆ. ಗಂಡ ಪಂಡರಿಗೆ ಬಿಟ್ಟು ಬಿಟ್ಟು ಬರುವ ಜ್ವರ. ಅವನು ಡಾಕ್ಟರರ ಬಾಗಿಲಲ್ಲಿ ಸರದಿ ಕಾಯುತ್ತಿದ್ದಾಗ ಇವಳು ಇಲ್ಲಿಗೆ ಬಂದು ಕುಳಿತಿದ್ದಳು.

ಮಧ್ಯಾಹ್ನ ಪಂಡರಿ ಔಷಧದ ಬಾಟಲಿ ಹಿಡಿದು ಬಂದು ಬಾಗಿಲಲ್ಲಿ ನಿಂತು, "ನಡಿ, ಬಸ್ಸು ಹೋಗ್ತದ," ಎಂದ. ಅವಳು ಪುಸ್ತಕವನ್ನು ಮುಚ್ಚದೆ ಎದ್ದಳು, ಮುಚ್ಚದೆಯೇ ನನ್ನ ಮೇಜಿಗೆ ತಂದಳು.

"ಅಕ್ಕೋರ, ಈಕಿ ನಾವಿನ್ಯಾಗ ಕುಂತಾಳ, ನಾವಿಗಿ ನೀರು ತುಂಬಾಕತ್ತದ. ಆಚಿ ದಡಕ್ಕ ಹೋಗಿ ಮುಟ್ತಾಳೇನ್ರೀ?"

ಕಥೆಯ ಮುಂದಿನ ಭಾಗವನ್ನು ಓದುಗರಿಗೆ ಹೇಳುವುದು ತಪ್ಪು. ಹೇಳುವುದಿಲ್ಲ ಎಂದೆ.

"ಹಂಗಾದ್ರ ಈ ಪುಸ್ತಕ ನಮ್ಮೂರಿಗಿ ಬರಂಗಿಲ್ಲೇನ್ರೀ?"

"ಬರುತ್ತದೆ," ಎಂದೆ.

ಅವಳು ಹೋದ ಮೇಲೆ ಮಾಣಿಕಪ್ಪನವರು, ಹುಡಗಿಯಲ್ಲಿ ಕೇಂದ್ರವೇ ಇಲ್ಲ, ಅಲ್ಲಿ ಓದುವವರು ಯಾರಿದ್ದಾರೆ ಎಂದರು. ಒಬ್ಬಳಿದ್ದಾಳೆ, ಈಗ ತಾನೆ ಬಸ್ಸಿಗೆ ಹೋದಳು ಎಂದೆ. ಮೂವತ್ತು ವರ್ಷ ಪಾಠ ಮಾಡಿದವಳು ನಾನು. ವಿದ್ಯಾರ್ಥಿನಿಗೆ ಕೊಟ್ಟ ಮಾತಿಗೆ ತಪ್ಪಿದವಳಲ್ಲ. ಅವಳು ನನ್ನ ವಿದ್ಯಾರ್ಥಿನಿಯಲ್ಲ ಎಂಬುದು ಬೇರೆ ವಿಷಯ.

೨೬ ಸೆಪ್ಟೆಂಬರ್, ಬುಧವಾರ

ಹುಡಗಿಯಲ್ಲಿ ಕೇಂದ್ರ ಮಂಜೂರಾಯಿತು. ಹುಮನಾಬಾದ ಗ್ರಂಥಾಲಯದ ಗುಮಾಸ್ತರಾದ ಸೈಫುದ್ದೀನರು ಓಡಾಡಿ ಮಾಡಿಸಿಕೊಟ್ಟರು. ಬಾಳಮ್ಮನ ಮಾವ ದೇವಿಂದ್ರಪ್ಪ ಪಂಚಾಯತಿಯ ಸದಸ್ಯ. ರಸ್ತೆಯ ಬದಿಗಿರುವ ತನ್ನ ಮನೆಯ ಮುಂಗೋಣೆಯನ್ನು ಕೊಡಲು ಒಪ್ಪಿದ್ದಾನೆ. ಸರಕಾರದ ಫಲಕ ತನ್ನ ಗೋಡೆಯ ಮೇಲೆ ತೂಗುತ್ತದೆ ಎಂಬುದೇ ಅವನ ಸಂತೋಷ. ಕೇಂದ್ರದ ಮೇಲ್ವಿಚಾರಕಿ ಎಂದು ಬಾಳಮ್ಮನ ಹೆಸರನ್ನು ನಾನೇ ಬರೆದು ಕಳಿಸಿದೆ.

೮ ಅಕ್ಟೋಬರ್, ಸೋಮವಾರ

ಹುಮನಾಬಾದಕ್ಕೆ ಹೋಗಿದ್ದ ಮೊದಲ ಕಟ್ಟು ಹಿಂದಿರುಗಿತು. ಮೇಲಿನ ಪುಸ್ತಕಕ್ಕೆ ಕೆಸರು. ಕೆಳಗಿನದಕ್ಕೆ ಬೆಲ್ಲದ ಅಂಟು. ನಡುವಿನದರ ಮೇಲೆ ಯಾರೋ ಚಪ್ಪಲಿ ಕಾಲಿಟ್ಟು ಕುಳಿತ ಗುರುತು. ಬಸ್ಸಿನವರಿಗೆ ಪುಸ್ತಕದ ಕಟ್ಟು, ಮೆಣಸಿನಕಾಯಿಯ ಚೀಲ ಎಲ್ಲ ಒಂದೇ.

ಇನ್ನು ಮುಂದೆ ಬರಿಯ ವಿಳಾಸ ಸಾಲದು ಎಂದು ನಿಶ್ಚಯಿಸಿದೆ. ದಪ್ಪ ರಟ್ಟಿನ ಮೇಲೆ, ದೂರದಿಂದಲೂ ಕಾಣುವಂತೆ, ಹೀಗೆ ಬರೆದೆ:

ನೆಲದ ಮೇಲೆ ಇಡತಕ್ಕದ್ದಲ್ಲ.
ಕಾಲು ತಾಗಿಸತಕ್ಕದ್ದಲ್ಲ.
ಕೈ ತೊಳೆಯದೆ ಮುಟ್ಟತಕ್ಕದ್ದಲ್ಲ.
ಕೇಂದ್ರದ ಮೇಲ್ವಿಚಾರಕರ ಹೊರತು ಅನ್ಯರು ಬಿಚ್ಚತಕ್ಕದ್ದಲ್ಲ.

ಮಾಣಿಕಪ್ಪನವರು ಓದಿ, "ಅಕ್ಕೋರ, ಇದನ್ನ ಓದಿದ್ರ ಪುಸ್ತಕ ಅಲ್ಲ, ಬಾಂಬು ಅದ ಅಂತ ತಿಳ್ಕೋತಾರ," ಎಂದರು. ನಾನು ನಗಲಿಲ್ಲ.

೨೯ ಅಕ್ಟೋಬರ್, ಸೋಮವಾರ

ಹುಡಗಿಯ ಮೊದಲ ಕಟ್ಟು ಹುಡಗಿಗೆ ಹೋಗಲೇ ಇಲ್ಲ. ಚಿಟಗುಪ್ಪದಲ್ಲಿ ಇಳಿಸಲ್ಪಟ್ಟು, ಅಲ್ಲಿನವರು ಅದನ್ನು ತಮ್ಮದೆಂದೇ ತಿಳಿದು ಹಂಚಿಬಿಟ್ಟಿದ್ದಾರೆ. ಬಾಳಮ್ಮನ ಕಾದಂಬರಿಯನ್ನು ಈಗ ಚಿಟಗುಪ್ಪದ ಯಾರೋ ಓದುತ್ತಿದ್ದಾರೆ. ನನ್ನ ಅಕ್ಷರ ಗುಂಡಾಗಿ, ಶುದ್ಧವಾಗಿ ಇತ್ತು. ಆದರೆ ಓದುವ ವ್ಯವಧಾನ ಯಾರಿಗಿದೆ?

ಒಂದೊಂದು ಊರಿಗೆ ಒಂದೊಂದು ಬಣ್ಣದ ಅರಿವೆ ಎಂದು ಗೊತ್ತುಮಾಡಿದೆ. ಹುಮನಾಬಾದಕ್ಕೆ ಬಿಳಿ, ಚಿಟಗುಪ್ಪಕ್ಕೆ ನೀಲಿ. ಬಿಳಿಯೂ ನೀಲಿಯೂ ಶಾಲೆಯ ಹಳೆಯ ಪರದೆಗಳಲ್ಲಿ ಸಿಕ್ಕವು. ಹುಡಗಿಗೆ ಮೂರನೆಯ ಬಣ್ಣ ಬೇಕಾಯಿತು. ನನ್ನ ಪೆಟ್ಟಿಗೆಯಲ್ಲಿ ಬೀಳ್ಕೊಡುಗೆಯ ದಿನ ಹುಡುಗಿಯರು ಕೊಟ್ಟ ಸೀರೆಯಿತ್ತು. ಅರಿಶಿನ ಬಣ್ಣ, ಕೆಂಪು ಅಂಚು. ಗಂಡ ತೀರಿಕೊಂಡ ಹತ್ತೊಂಬತ್ತನೆಯ ವಯಸ್ಸಿನಿಂದ ನಾನು ಹಳದಿ ಉಡುವವಳಲ್ಲ ಎಂಬುದು ಆ ಮಕ್ಕಳಿಗೆ ತಿಳಿಯದು, ಹೇಳುವವರೂ ಇರಲಿಲ್ಲ. ಮಡಿಕೆ ಮುರಿಯದೆ ಮೂರು ವರ್ಷ ಇಟ್ಟಿದ್ದೆ. ಒಳ್ಳೆಯ ದಪ್ಪ ನೂಲು. ಕಟ್ಟಿಗೆ ಬೇಕಾದಷ್ಟನ್ನು ಕತ್ತರಿಸಿದೆ.

೨೪ ನವೆಂಬರ್, ಶನಿವಾರ

ಚಿಟಗುಪ್ಪದಿಂದ ಪುಸ್ತಕಗಳು ಬಂದವು. ಹುಡಗಿಯ ಕಟ್ಟನ್ನು ಹೊಸದಾಗಿ ಕಟ್ಟಿದೆ: ಎಲ್ಲಕ್ಕಿಂತ ಮೇಲೆ ಆ ಕಾದಂಬರಿ, ಅದರ ಕೆಳಗೆ ಕೋಳಿ ಸಾಕಣೆಯ ಕೈಪಿಡಿ, ಹೊಲಿಗೆಯದೊಂದು, ಮಕ್ಕಳ ಕಥೆಗಳು. ಹಳದಿ ಅರಿವೆ, ನಾಲ್ಕು ನಿಯಮಗಳ ಚೀಟಿ. 'ಮೇಲ್ವಿಚಾರಕರ' ಎಂಬುದನ್ನು ತಿದ್ದಿ 'ಮೇಲ್ವಿಚಾರಕಿಯ' ಎಂದು ಮಾಡಿದೆ. ನಾನೇ ನಿಲ್ದಾಣಕ್ಕೆ ಹೋಗಿ ಕಂಡಕ್ಟರನ ಕೈಗೆ ಕೊಟ್ಟೆ. ಹುಮನಾಬಾದದಲ್ಲಿ ಸೈಫುದ್ದೀನರು ಅದನ್ನು ಮುಂದಿನ ಬಸ್ಸಿಗೆ ಹಾಕುತ್ತಾರೆ. ನಾಳೆ ಚಂಪಾಷಷ್ಠಿ. ಊರೂರಿನ ಮೈಲಾರ ಮಲ್ಲಣ್ಣನ ಗುಡಿಗಳಿಗೆ ಹೊರಟವರಿಂದ ಬಸ್ಸು ಬಿರಿಯುತ್ತಿತ್ತು. ಎಲ್ಲರ ಹಣೆಯಲ್ಲೂ ಭಂಡಾರ, ಅಂದರೆ ದೇವರ ಅರಿಶಿನ ಪುಡಿ. ಅದು ಆಸನಗಳ ಮೇಲೂ ಚೆಲ್ಲಿತ್ತು. ಕಂಡಕ್ಟರನು ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡದ್ದನ್ನು ಕಂಡು ಸಮಾಧಾನವಾಯಿತು.

೧೦ ಡಿಸೆಂಬರ್, ಸೋಮವಾರ

ಹುಡಗಿಯಿಂದ ಸುದ್ದಿಯಿಲ್ಲ. ಎಷ್ಟು ಪುಸ್ತಕ ಯಾರಿಗೆ ಕೊಟ್ಟೆ ಎಂಬುದನ್ನು ತಿಳಿಸುವಂತೆ ಬಾಳಮ್ಮನಿಗೆ ಬರೆದೆ.

೨೪ ಡಿಸೆಂಬರ್, ಸೋಮವಾರ

ಒಂದು ಸಾಲಿನ ಉತ್ತರ ಬಂದಿದೆ. "ಪುಸ್ತಕಗಳು ಬಹಳ ಕ್ಷೇಮವಾಗಿ ಇವೆ."

ನಾನು ಕೇಳಿದ್ದು ಕ್ಷೇಮಸಮಾಚಾರವನ್ನಲ್ಲ. ಕಾದಂಬರಿಯ ಬಗ್ಗೆ ಒಂದಕ್ಷರವಿಲ್ಲ. ಅಷ್ಟು ಆಸೆಯಿಂದ ಕೇಳಿದವಳು ಇವಳೇ ಏನು? ಈಗಿನ ಹುಡುಗಿಯರ ಓದಿನ ಆಸೆ ಬಸ್ಸು ಹತ್ತುವವರೆಗೆ ಮಾತ್ರ. ಹೀಗೆ ಬರೆಯಬಾರದಿತ್ತು, ಬರೆದೆ.

೯ ಜನವರಿ ೧೯೮೦, ಬುಧವಾರ

ಬೀದರಿನ ಜಿಲ್ಲಾ ಕಚೇರಿಯಿಂದ ಸುತ್ತೋಲೆ ಬಂದಿದೆ. ಜನವರಿಯ ಕೊನೆಯೊಳಗೆ ಒಂದಾದರೂ ಪುಸ್ತಕವನ್ನು ಓದಲು ಕೊಡದ ಕೇಂದ್ರಗಳನ್ನು ಮುಚ್ಚಿ, ಪುಸ್ತಕಗಳನ್ನು ಹಿಂದಕ್ಕೆ ತರಿಸಬೇಕು. ಹಾಗೆ ಕೊಡದ ಕೇಂದ್ರ ಒಂದೇ, ಹುಡಗಿ.

ಮಧ್ಯಾಹ್ನ ಸೈಫುದ್ದೀನರು ಬಂದರು. ಸುತ್ತೋಲೆ ಅವರಿಗೂ ಮುಟ್ಟಿತ್ತು. ನಿನ್ನೆ ತಾವೇ ಹುಡಗಿಗೆ ಹೋಗಿ ನೋಡಿಕೊಂಡು ಬಂದಿದ್ದರು. ನನ್ನ ಮೇಜಿನ ಎದುರು ಕುಳಿತು, ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು, ನಗಬೇಕೋ ಬೇಡವೋ ಎಂಬಂತೆ ನನ್ನ ಮುಖ ನೋಡಿದರು.

"ಅಕ್ಕೋರೇ, ನಿಮ್ಮ ಕಿತಾಬುಗಳು ಅಲ್ಲಿ ದೇವರಾಗಿ ಕುಂತಾವರೀ."

ಅವರು ಹೇಳಿದ್ದಿಷ್ಟು: ಆ ಶನಿವಾರ ಹುಡಗಿಯ ಬಸ್ಸಿನಲ್ಲೂ ಭಂಡಾರದ ಜನವೇ. ಹಳದಿ ಅರಿವೆಯ ಕಟ್ಟು ಕಂಡಕ್ಟರನ ತೊಡೆಯ ಮೇಲಿರುವುದನ್ನು ಕಂಡು, ಹಬ್ಬಕ್ಕೆ ಹೊರಟ ದೇವರ ಗಂಟೆಂದೇ ತಿಳಿದು ಒಬ್ಬರಾದ ಮೇಲೊಬ್ಬರು ಅದರ ಮೇಲೆ ಭಂಡಾರ ಹಾಕಿದ್ದಾರೆ. ಹುಡಗಿಯಲ್ಲಿ ಅವನು ಅದನ್ನು ಇಳಿಸಿದಾಗ ಬಾಳಮ್ಮನ ಅತ್ತೆ ಧೂಳಮ್ಮ ಅಂಗಳದಲ್ಲಿದ್ದಳು. ಚೀಟಿಯಲ್ಲಿ ಏನು ಬರೆದಿದೆ ಓದು ಎಂದು ಸೊಸೆಗೆ ಹೇಳಿದಳು. ಸೊಸೆ ಓದಿದಳು: ನೆಲದ ಮೇಲೆ ಇಡತಕ್ಕದ್ದಲ್ಲ. ಕಾಲು ತಾಗಿಸತಕ್ಕದ್ದಲ್ಲ. ಕೈ ತೊಳೆಯದೆ ಮುಟ್ಟತಕ್ಕದ್ದಲ್ಲ.

"ಮುಗೀತಲ್ರೀ! ಮುದುಕಿ ಕೈ ಕಾಲು ತೊಳ್ಕೊಂಡು ಬಂದು, ಗಂಟು ತಲಿ ಮ್ಯಾಲ ಹೊತ್ತು, ಸೀದಾ ಗ್ವಾಡಿಯಾಗಿನ ದೇವರ ಮಾಡಕ್ಕ ಏರಿಸಿದ್ಲು. ಸೊಸಿ, 'ಅತ್ತಿ, ಇವು ಪುಸ್ತಕ' ಅಂದ್ಲಂತ. ಮುದುಕಿ, 'ಪುಸ್ತಕ ಅಂದ್ರ ಪೋಥಿನೇ, ದೇವರ ಪುಸ್ತಕನೇ ಅಲ್ಲೇನು, ಕಲ್ಯಾಣದಿಂದ ಮತ್ತೇನು ಬರ್ತದ' ಅಂದ್ಲಂತ. ಅದೇ ವಾರ ಆ ಪಂಡರಿ ಜ್ವರ ಇಳೀತು. ಈಗ ಐತವಾರಕ್ಕೊಮ್ಮೆ ಎಡಿ ಹಿಡೀತಾರ. ನಾ ಭೀ ಬೂಟು ಬಿಚ್ಚಿ ಒಳಗ ಹೋಗಬೇಕಾತು."

ಮಾಣಿಕಪ್ಪನವರು ನಗು ತಡೆಯಲಾರದೆ ಕಪಾಟು ಹಿಡಿದುಕೊಂಡರು. "ಕೋಳಿ ಸಾಕೋ ಪುಸ್ತಕಕ್ಕ ಎಡಿ ಹಿಡಿಯಾಕತ್ತಾರಲ್ಲಪ್ಪೋ!"

ಬಾಳಮ್ಮ ಏನನ್ನುತ್ತಾಳೆ ಎಂದು ಕೇಳಿದೆ.

ಸೈಫುದ್ದೀನರು ಟೋಪಿ ಹಾಕಿಕೊಂಡರು. "ಏನಂತಾಳ್ರೀ, ಸೊಸಿ ಮನುಷ್ಯಾಳು. ಗಂಡ ಎದ್ದು ಕುಂತಾನ. ಗಂಟು ಬಿಚ್ಚಂತ ಯಾವ ಬಾಯಲೆ ಅಂತಾಳ? ದೀಪ ಹಚ್ಚೋದು ಮಾತ್ರ ಆಕೀನೇ. ದಿನಾ ಅದರ ಮುಂದ ನಿಂತು ಹಚ್ತಾಳ."

ಅವಳ ಕಾದಂಬರಿ ಅವಳ ಮನೆಯಲ್ಲೇ, ಅವಳ ಕೈಗೆ ಎಟಕುವಷ್ಟು ಎತ್ತರದಲ್ಲೇ ಇದೆ.

೧೧ ಜನವರಿ, ಶುಕ್ರವಾರ

ಗ್ರಂಥಾಲಯದ ವಸ್ತುವನ್ನು ಪೂಜಿಸುವುದು ನಿಯಮಬಾಹಿರವೆಂದು ದೇವಿಂದ್ರಪ್ಪನಿಗೆ ಪತ್ರ ಬರೆದೆ. ಎರಡು ಪುಟಗಳಾದವು. ಕಳಿಸಲಿಲ್ಲ. ಅದನ್ನು ಮನೆಯಲ್ಲಿ ಓದಿ ಹೇಳಬೇಕಾದವಳು ಬಾಳಮ್ಮನೇ ಎಂಬುದು ಆಮೇಲೆ ಹೊಳೆಯಿತು.

ಮಾಣಿಕಪ್ಪನವರನ್ನು ಹೋಗಿ ಕಟ್ಟು ಬಿಚ್ಚಿಸಿ ಬರಲು ಕೇಳಿದೆ.

"ನೌಕರಿ ಬ್ಯಾರೆ, ದೇವರು ಬ್ಯಾರೆ ರೀ ಅಕ್ಕೋರ. ಮಾಡದಾಗಿಂದ ಇಳಿಸಿದ ಮರುದಿನ ಆ ಹುಡುಗಗ ಮತ್ತ ಜ್ವರ ಬಂದ್ರ ಊರ ಮಂದಿ ನನ್ನ ಬಿಡ್ತಾರೇನು? ಕೇಂದ್ರ ಮುಚ್ಚಿದ್ರ ಮುಚ್ಚಲಿ, ಬಿಡ್ರಿ."

ಬಿಡ್ರಿ ಎನ್ನುವುದು ಬಹಳ ಸುಲಭ. 'ಬರುತ್ತದೆ' ಎಂದವಳು ನಾನು.

೨೦ ಜನವರಿ, ಭಾನುವಾರ

ಬೆಳಗಿನ ಬಸ್ಸಿಗೆ ಹೊರಟೆ. ಹುಮನಾಬಾದದಲ್ಲಿ ಸೈಫುದ್ದೀನರು ನಿಂತಿದ್ದು ಹುಡಗಿಯ ಬಸ್ಸು ಹತ್ತಿಸಿದರು. ತಾವೂ ಬರಲೇ ಎಂದರು, ಬೇಡವೆಂದೆ. ದಾರಿಯುದ್ದಕ್ಕೂ ಹೇಳಬೇಕಾದುದನ್ನು ಮನಸ್ಸಿನಲ್ಲಿ ಜೋಡಿಸಿಕೊಂಡೆ: ಮೊದಲು ಗ್ರಂಥಾಲಯದ ಉದ್ದೇಶ, ಅನಂತರ ಬಣ್ಣದ ಅರಿವೆಯ ಕಾರಣ, ಕೊನೆಗೆ ಜ್ವರ ಇಳಿಯಲು ಔಷಧವೇ ಕಾರಣವೆಂಬ ವಿವರಣೆ. ಐದನೆಯ ತರಗತಿಯ ಪಾಠದಂತೆ ಸ್ಪಷ್ಟವಾಗಿತ್ತು.

ಫಲಕ ಗೋಡೆಯ ಮೇಲಿತ್ತು. ಅದಕ್ಕೂ ಭಂಡಾರ ಹಚ್ಚಿದ್ದರು. ಹೊಸ್ತಿಲಿಗೆ ಕಾಲಿಡುವ ಮೊದಲೇ ಒಳಗಿನಿಂದ ಹೆಂಗಸೊಬ್ಬಳ ಧ್ವನಿ ಬಂತು.

"ಕಾಲು ತೊಳ್ಕೊಂಡು ಬರ್ರೀ ಯವ್ವಾ, ಒಳಗ ಪೋಥಿ ಅದ."

ನೀರು ತಂದವಳು ಬಾಳಮ್ಮ. ನನ್ನನ್ನು ಕಂಡು, ತಾನೇ ಬಾಗಿ ನನ್ನ ಕಾಲಿಗೆ ನೀರು ಹಾಕಿದಳು. ಕಾಲು ತೊಳೆದುಕೊಂಡು ಒಳಗೆ ಹೋದೆ. ಗೋಡೆಯ ಗೂಡಿನಲ್ಲಿ ಕುಲದೇವರ ಪಕ್ಕ ನನ್ನ ಸೀರೆಯ ತುಂಡು. ಅದರ ಮೇಲೆ ನನ್ನ ಅಕ್ಷರ, ಒಂದಿಷ್ಟೂ ಮಾಸದೆ.

ಧೂಳಮ್ಮ ನನ್ನಷ್ಟೇ ವಯಸ್ಸಿನ, ನನಗಿಂತ ಎತ್ತರದ ಹೆಂಗಸು. ಕಲ್ಯಾಣದಿಂದ ಬಂದ ಅಂಬುಬಾಯಿ, ಆ ಚೀಟಿಯನ್ನು ಬರೆದವಳು ಎಂದು ಪರಿಚಯ ಹೇಳಿಕೊಂಡೆ. ಅವಳು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು.

"ನೀವೇನ್ರೀ ಬರದಾಕಿ? ಕುಂದ್ರಿ. ಕೇಳ್ರಿ ಮತ್ತ ನಮ್ಮ ಸೊಸೀನ. ಬಂದ ದಿನದಿಂದ ನೆಲಕ್ಕ ಇಟ್ಟಿಲ್ಲ. ಯಾರದೂ ಕಾಲು ತಾಗಿಲ್ಲ. ಕೈ ತೊಳೀದೆ ನನ್ನ ಗಂಡ ಭೀ ಮುಟ್ಟಿಲ್ಲ. ನೀವು ಬರದದ್ದು ಒಂದು ಭೀ ತಪ್ಪಿಸಿಲ್ಲ ನಾವು."

ಇಷ್ಟು ವರ್ಷಗಳ ನೌಕರಿಯಲ್ಲಿ ನನ್ನ ನಿಯಮಗಳನ್ನು ಹೀಗೆ ಪಾಲಿಸಿದವರನ್ನು ನಾನು ಕಂಡಿಲ್ಲ. ಜೋಡಿಸಿಕೊಂಡು ಬಂದ ಪಾಠವನ್ನು ಅಲ್ಲಿಗೇ ಬಿಟ್ಟೆ.

"ಕಡೀದ್ಯಾಕ ಬಿಟ್ರಿ?" ಎಂದೆ. ನಾನು ಹಾಗೆ ಮಾತಾಡುವವಳಲ್ಲ. ಬಸ್ಸಿನಲ್ಲಿ ಅದೇ ಬಗೆಯ ಮಾತನ್ನು ಕೇಳಿ ಕೇಳಿ ಬಂದಿರಬೇಕು. "ಮೇಲ್ವಿಚಾರಕಿ ಬಿಚ್ಚಬೇಕು ಅಂತ ಬರದದ್ದು?"

"ಆಕಿಗೇ ಕಾದೀವಲ್ರೀ. ಅಂಥಾ ಹೆಸರಿನಾಕಿ ಮಠದಾಗಿನ ದೊಡ್ಡಾಕಿ ಇರಬೇಕು, ಎಂದಾರ ಬರ್ತಾಳ ಅಂತ. ನೀವೇ ಏನು?"

"ನಾನಲ್ಲ. ನಿಮ್ಮ ಸೊಸಿ."

ಧೂಳಮ್ಮ ತಿರುಗಿ ನೋಡಿದಳು. ಬಾಳಮ್ಮ ಕಂಬದ ಹತ್ತಿರ ಸೆರಗಿನ ತುದಿ ಹಿಡಿದು ನಿಂತಿದ್ದಳು.

"ಈಕೀನ? ಹಾಲು ಉಕ್ಕಿದ್ದು ನೋಡಂಗಿಲ್ಲ ಈಕಿ!"

"ಸರಕಾರದ ಕಾಗದದಾಗ ಈಕಿ ಹೆಸರೇ ಅದ."

"ಮತ್ತ ಇಷ್ಟು ದಿನ ಯಾಕ ಹೇಳಲಿಲ್ಲ ಬಾಳಿ?"

"ಹೇಳಿದೆ ಅತ್ತಿ. ನಿನ್ನ ಮಾರಿ ನೋಡ್ಕೋ ಹೋಗು ಅಂದ್ರಿ."

ಹೊರಗೆ ಬಿಸಿಲಿನಲ್ಲಿ ಕುಳಿತಿದ್ದ ಪಂಡರಿ ನಕ್ಕದ್ದು ಕೇಳಿಸಿತು. ಧೂಳಮ್ಮ ನಗಲಿಲ್ಲ. ಅವಳ ದೃಷ್ಟಿ ಮಗನ ಕಡೆಗೆ ಹೋಗಿ, ಅಲ್ಲಿಂದ ಗೂಡಿಗೆ ಹೋಯಿತು. ಧ್ವನಿ ತಗ್ಗಿತು.

"ಯವ್ವಾ, ಬರದಾಕಿ ನೀವು, ನಿಮಗ ಕೇಳ್ತೀನಿ. ಎರಡು ವರ್ಷ ಆತು ಅವನು ಹಾಸಿಗಿ ಹಿಡಿದು ಏಳೋದು, ಹಿಡಿದು ಏಳೋದು. ಇದು ಬಂದ ಮ್ಯಾಲ ಎದ್ದಾನ. ಈಗ ಬಿಚ್ಚಿದ್ರ, ಮತ್ತ ಮಲಗಿದ್ರ?"

ಔಷಧ, ಡಾಕ್ಟರು, ಕಾಕತಾಳೀಯ: ನನ್ನಲ್ಲಿ ಉತ್ತರವಿತ್ತು. ಆ ಉತ್ತರ ಸರಿಯಾದುದೂ ಹೌದು. ಅದನ್ನು ಹೇಳಿದ್ದರೆ ಅವಳು ತಲೆದೂಗಿ, ನನಗೆ ಊಟ ಹಾಕಿ, ಕಟ್ಟನ್ನು ಅಲ್ಲೇ ಬಿಟ್ಟು ನನ್ನನ್ನು ಬಸ್ಸಿಗೆ ಹತ್ತಿಸುತ್ತಿದ್ದಳು. ಈ ತಿಂಗಳು ಕಳೆದರೆ ಬೀದರಿನವರು ಬಂದು ಗೂಡಿನಿಂದಲೇ ಒಯ್ಯುತ್ತಿದ್ದರು.

"ಚೀಟಿ ಇಳಸ್ರಿ," ಎಂದೆ.

ಕೈ ತೊಳೆದು ಬಂದು ಅವಳೇ ಬಿಚ್ಚಿ ಕೊಟ್ಟಳು. ನಾನು ಪೆನ್ನು ತೆಗೆದು ನಾಲ್ಕು ನಿಯಮಗಳ ಕೆಳಗೆ ಐದನೆಯದನ್ನು ಬರೆದೆ. ಬರೆಯುವಾಗ ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು. ಬಾಳಮ್ಮನಿಗೆ ಓದಲು ಕೊಟ್ಟೆ.

"ಐತವಾರಕ್ಕೊಮ್ಮೆ ಕೆಳಗಿಳಿಸಿ, ಬಿಚ್ಚಿ, ಮನೆಯವರೆಲ್ಲ ಕೇಳುವಂತೆ ಗಟ್ಟಿಯಾಗಿ ಓದತಕ್ಕದ್ದು."

"ಓದತಕ್ಕದ್ದು ಅಂದ್ರ?"

"ಓದಬೇಕು. ಓದಲಿಲ್ಲಂದ್ರ ತಪ್ಪಾಗ್ತದ."

"ಓದಿದ ಮ್ಯಾಲ?"

"ಮತ್ತ ಕಟ್ಟಿ ಮ್ಯಾಲ ಇಡ್ರಿ."

ಧೂಳಮ್ಮ ಚೀಟಿಯನ್ನು ತೆಗೆದುಕೊಂಡು ಹಣೆಗೆ ಒತ್ತಿಕೊಂಡಳು. ಆಮೇಲೆ ಎದ್ದು, "ಇವತ್ತು ಐತವಾರ ಅಲ್ಲೇನು?" ಎಂದಳು.

ಕಂಬಳಿ ಹಾಸಿದರು. ದೇವಿಂದ್ರಪ್ಪ ರುಮಾಲು ಸರಿಮಾಡಿಕೊಂಡು ಬಂದು ಕುಳಿತ. ಪಂಡರಿಯೂ ಒಳಗೆ ಬಂದ. "ಏಳುಕೋಟಿಗೆ ಏಳುಕೋಟಿ" ಎಂದು ಮಲ್ಲಣ್ಣನ ಜಯಕಾರ ಕೂಗಿ ಧೂಳಮ್ಮ ಕಟ್ಟನ್ನು ಇಳಿಸಿ, ನೆಲಕ್ಕೆ ಇಡದೆ, ಸೊಸೆಯ ತೊಡೆಯ ಮೇಲಿಟ್ಟಳು. ಬಾಳಮ್ಮ ಗಂಟು ಬಿಚ್ಚಿದಳು. ಮೇಲೆ ಆ ಕಾದಂಬರಿ. ಅವಳ ಬೆರಳು ಹಾಳೆಗಳ ನಡುವೆ ತಡವಿಲ್ಲದೆ ಹೋಗಿ, ದೋಣಿಗೆ ನೀರು ತುಂಬುವ ಪುಟಕ್ಕೆ ನಿಂತಿತು. ಓದಲು ಆರಂಭಿಸಿದಳು. ಒಳ್ಳೆಯ ಓದು, ಅವಸರವಿತ್ತು.

ನಾಲ್ಕು ಸಾಲಾಗಿರಬಹುದು. ಧೂಳಮ್ಮ ಕೈ ಎತ್ತಿದಳು.

"ತಡಿ, ತಡಿ. ಯಾರಾಕಿ? ನಾವಿನ್ಯಾಗ ಯಾಕ ಕುಂತಾಳ? ಅವರವ್ವ ಅಪ್ಪ ಎಲ್ಲಿ?"

"ಅದು ಹಿಂದಿನ ಹಾಳ್ಯಾಗ ಅದ ಅತ್ತಿ."

"ಹಿಂದಿಂದ ಬಿಟ್ಟು ಯಾರಾರ ಪೋಥಿ ಓದ್ತಾರೇನು? ಮೊದಲಿಂದ ಓದವ್ವ."

ಬಾಳಮ್ಮ ನನ್ನ ಕಡೆ ನೋಡಿದಳು. ಅವಳು ಹಾಳೆಗಳನ್ನು ಹಿಂದಕ್ಕೆ ತಿರುವಿ, ಮೊದಲನೆಯ ಪುಟದಿಂದ ಓದಿದಳು.

ಒಂದು ಅಧ್ಯಾಯ ಮುಗಿಯುವವರೆಗೆ ಕುಳಿತಿದ್ದೆ. "ದೇವರು ಯಾವಾಗ ಬರ್ತಾನ ಇದ್ರಾಗ?" ಎಂದು ದೇವಿಂದ್ರಪ್ಪ ಕೇಳಿದ. "ಸುಮ್ಕಿರ್ರಿ, ಆ ಮಾವ ಏನಂತಾನ ಕೇಳೂಣು," ಎಂದು ಧೂಳಮ್ಮ ಗದರಿದಳು. ಪುಸ್ತಕವನ್ನು ಮರಳಿ ಕಟ್ಟುವ ಮೊದಲು ಕೇಂದ್ರದ ವಹಿ ತೆಗೆದು, ಇದನ್ನು ಯಾರ ಹೆಸರಿಗೆ ಬರೆಯಲಿ ಎಂದು ಕೇಳಿದೆ. ಇಳಿಸಿದವಳು ತಾನು, ತನ್ನ ಹೆಸರಿಗೇ ಎಂದು ಧೂಳಮ್ಮ ಹೆಬ್ಬೆಟ್ಟು ಒತ್ತಿದಳು.

ಹೊರಡುವಾಗ ನಾನು ಹಿಂದೆ ಸರಿಯುವಷ್ಟರಲ್ಲಿ ಹಣೆಗೆ ಭಂಡಾರ ಹಚ್ಚಿಬಿಟ್ಟಳು. ಮಲ್ಲಣ್ಣನ ಭಂಡಾರಕ್ಕೆ ಇಂಥವರು ಅಂಥವರು ಎಂಬ ಭೇದವಿಲ್ಲವಂತೆ. ಬಸ್ಸಿನಲ್ಲಿ ಒರೆಸಿಕೊಳ್ಳಬೇಕೆಂದಿದ್ದೆ. ಕೈಯಲ್ಲಿ ಅವಳು ಕೊಟ್ಟ ಜೋಳ, ಕಡಲೆಗಳ ಚೀಲಗಳಿದ್ದವು.

೨೧ ಜನವರಿ, ಸೋಮವಾರ

ಹುಡಗಿ ಕೇಂದ್ರದಿಂದ ಪುಸ್ತಕ ಓದಲು ಹೋಗಿದೆ ಎಂದು ಬೀದರಿಗೆ ಬರೆದೆವು. ಓದುಗರ ಹೆಸರು ಧೂಳಮ್ಮ. ಹೆಬ್ಬೆಟ್ಟಿನ ಓದುಗರೇ ಎಂದು ಯಾರಾದರೂ ಕೇಳಿದರೆ ನಾನು ಉತ್ತರ ಕೊಡುತ್ತೇನೆ ಎಂದೆ.

"ಅಕ್ಕೋರ, ಹಣಿ ಮ್ಯಾಲ ಇನ್ನ ಹಳದಿ ಅದ," ಎಂದರು ಮಾಣಿಕಪ್ಪ.

ಬೇಗ ಹೋಗುವ ಬಣ್ಣವಲ್ಲ.

೪ ಫೆಬ್ರವರಿ, ಸೋಮವಾರ

ಕೇಂದ್ರವನ್ನು ಮುಂದುವರಿಸಲು ಒಪ್ಪಿಗೆ ಬಂತು. ಕೆಲಸ ಮುಗಿಯಿತೆಂದು ಮನೆಗೆ ಬಂದೆ.

ಸಂಜೆ ಜೋಳ ಹಸನು ಮಾಡುತ್ತಿದ್ದಾಗ ತಲೆಗೆ ಬಂದ ಲೆಕ್ಕ: ಐತವಾರಕ್ಕೊಂದು ಅಧ್ಯಾಯವಾದರೆ ಬಾಳಮ್ಮನು ಆ ದೋಣಿಯವರೆಗೆ ಬರುವುದೇ ಯುಗಾದಿಯ ಆಚೆ. ಐದನೆಯ ನಿಯಮವನ್ನು ಬರೆಯುವಾಗ ನಾನು ಧೂಳಮ್ಮನ ಮುಖವನ್ನು ನೋಡುತ್ತಿದ್ದೆ. ಕಂಬದ ಬಳಿ ನಿಂತವಳನ್ನು ನೋಡಬೇಕಾಗಿತ್ತು.

೬ ಫೆಬ್ರವರಿ, ಬುಧವಾರ

ಹುಡಗಿಗೆ ಹೊಸ ಲೇಬಲ್ ಬರೆದೆ. ಪುಸ್ತಕ ಕಳಿಸುವುದಿರಲಿಲ್ಲ, ಲೇಬಲ್ ಒಂದನ್ನೇ ಹಳದಿ ಅರಿವೆಯ ತುಂಡಿನಲ್ಲಿ ಸುತ್ತಿ ಬಸ್ಸಿಗೆ ಕೊಟ್ಟೆ. ಮೊದಲ ನಾಲ್ಕು ಹಾಗೆಯೇ. ಐದನೆಯದು: "ದಿನಾ ಸಂಜಿಗಿ ದೀಪ ಹಚ್ಚಿದ ಮ್ಯಾಲ ಓದಬೇಕು. ಬಾಳಮ್ಮ ಒಬ್ಬಾಕೀನೇ ಓದಿಕೊಂಡ್ರ ಭೀ ನಡೀತದ."

ಮಾಣಿಕಪ್ಪ ನನ್ನ ಹೆಗಲ ಮೇಲಿಂದ ಓದಿ, "ಅಕ್ಕೋರ, ಇದು ನಿಮ್ಮ ಭಾಷಾ ಅಲ್ಲಲ್ರೀ," ಎಂದ.

ಧೂಳಮ್ಮನಿಗೆ ಓದಿ ಹೇಳಿದರೆ ತಿಳಿಯಬೇಕಲ್ಲ, ಬಿಡಿಸಿ ಹೇಳಲು ಅಲ್ಲಿ ನಾನಿರುವುದಿಲ್ಲ ಎಂದೆ.

೧೦ ಮಾರ್ಚ್, ಸೋಮವಾರ

ಹುಡಗಿಯ ಕಟ್ಟು ಹಿಂದಿರುಗಿತು. ಅರಿವೆಯನ್ನು ಒಗೆದು ಗಂಜಿ ಹಾಕಿದ್ದಾರೆ. ನನ್ನ ಲೇಬಲ್ ಇರಲಿಲ್ಲ. ಅದು ಗೂಡಿನಲ್ಲೇ ಉಳಿದಿದೆಯಂತೆ. ಅದರ ಬದಲು ಬಾಳಮ್ಮನ ಕೈಯಕ್ಷರದ ರಟ್ಟು, ಗೆರೆ ಎಳೆದು ಬರೆದದ್ದು:

ನೆಲದ ಮೇಲೆ ಇಡಬಾರದು.
ಕಾಲು ತಾಗಿಸಬಾರದು.
ಕೈ ತೊಳೆದು ಮುಟ್ಟಬೇಕು.
ಅಕ್ಕೋರು ಬಿಚ್ಚಬೇಕು.
ಆಕಿ ದಡ ಮುಟ್ಟಿದಳು. ನನಗಿಂತ ಅತ್ತೆಯವರು ಹೆಚ್ಚು ಅತ್ತರು. ಇದಕ್ಕೆ ಎರಡನೇ ಭಾಗ ಇದ್ದರೆ ಹಳದಿ ಅರಿವ್ಯಾಗ ಕಳಿಸಬೇಕು. ನೀಲಿ ಅರಿವ್ಯಾಗ ಬಂದರೆ ಅತ್ತೆಯವರು ಒಳಗ ತಗೊಳ್ಳಂಗಿಲ್ಲ.

ಎರಡನೆಯ ಭಾಗವಿದೆ, ನಮ್ಮಲ್ಲಿಲ್ಲ, ಹುಮನಾಬಾದದಲ್ಲಿದೆ. ಸೈಫುದ್ದೀನರಿಗೆ ಬರೆಯುತ್ತೇನೆ. ಸೀರೆಯಲ್ಲಿ ಇನ್ನು ಕೆಂಪು ಅಂಚಿನ ಭಾಗ ಉಳಿದಿದೆ, ಸಾಕಾಗಬಹುದು.

ಮಾಣಿಕಪ್ಪ ಚಹಾದ ಲೋಟವನ್ನು ಕಿಟಕಿಯಲ್ಲಿಟ್ಟು, ಗಂಟು ಬಿಚ್ಚಲು ಬಂದ.

"ಕೈ ತೊಳ್ಕೊಂಡು ಬಾರಪ್ಪಾ," ಎಂದೆ.

ಅವನು ನನ್ನ ಮುಖ ನೋಡಿ, ಹಿತ್ತಲಿನ ನಲ್ಲಿಗೆ ಹೋದ. ಅವನು ಬಂದ ಮೇಲೆ ನಾನೂ ಹೋಗಿ ತೊಳೆದುಕೊಂಡು ಬಂದೆ. ಆಮೇಲೆ ಬಿಚ್ಚಿದೆವು.